ಎರವಿನ ಹಾಜರಿ

೮ ಜನವರಿ ೧೯೭೯, ಸೋಮವಾರ

ಬಸ್ಸು ಇವತ್ತೂ ತಡ. ಮಸೂತಿ ಸ್ಟಾಪಿನಲ್ಲಿ ಇಳಿದು ಎರಡು ಮೈಲು ನಡಿಗೆ. ನಾನು ಕಲಿಸುವ ವಯಸ್ಕರ ವರ್ಗಕ್ಕೆ ಹತ್ತೊಂಬತ್ತು ಹೆಂಗಸರು, ಬರೆಯುವ ಪಾಟಿ ಹದಿನೈದೇ. ಇಪ್ಪತ್ತನೆಯವಳಾಗಿ ಸಿದ್ದಲಿಂಗವ್ವ ಎಂಬಾಕೆ ಬಂದಳು. ಹೆಸರು ಬರೆದುಕೊಳ್ಳುವಷ್ಟರಲ್ಲಿ ಹೆಡ್‌ಮಾಸ್ತರ ಬಸಂತರಾಯರು ಹಳೇ ರಜಿಸ್ಟರ್ ಹಿಡಿದು ಅಡ್ಡ ಬಂದರು. ೧೯೫೧ರಲ್ಲಿ ಈಕೆ ನಾಲ್ಕನೇ ಇಯತ್ತೆ ಪಾಸಂತೆ!

"ಓದಾಕ ಬರದವ್ರಿಗೆ ಅಷ್ಟೇ ಐತ್ರಿ ಈ ವರ್ಗ. ಸುಪರ್‌ವೈಜರ್ ಬಂದು ಕೇಳಿದ್ರ ನಾ ಏನ್ ಹೇಳ್ಲಿ?"

"ನಾ ಈ ಸಾಲಿ ಕಟ್ಟಿ ಏರಿಲ್ರಿ ಯಪ್ಪಾ. ಎಮ್ಮಿ ಕಾಯ್ತಿದ್ದೆ."

"ಹಂಗಾರ ರಜಿಸ್ಟರ್ ಸುಳ್ಳು ಹೇಳತೈತೇನು?"

ಮಗಳನ್ನು ಇಂಡಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾಳೆ. ಅವಳ ಕಾಗದ ಬರುತ್ತವೆ. "ಓದಿ ಹೇಳಿದವ್ರು ಊರಿಗೆಲ್ಲಾ ಹೇಳ್ತಾರ್ರಿ ಬಾಯಾರ. ನನ್ನ ಮಗಳ ದುಃಖ ನಾ ಒಬ್ಬಾಕಿನ ಓದಬೇಕು," ಎಂದಳು. ಬಸಂತರಾಯರು ಕಿವಿಗೇ ಹಾಕಿಕೊಳ್ಳಲಿಲ್ಲ. ಆಕೆ ತಿರುಗಿ ಹೋದಳು. ಇವರ ರಜಿಸ್ಟರಿಗೆ ಬೆಂಕಿ ಹಾಕ!

೧೧ ಜನವರಿ, ಗುರುವಾರ

ಬಸಂತರಾಯರು ಕಪಾಟು ಖಾಲಿ ಮಾಡಿಸಿದರು. ಹಳೇ ಮಕ್ಕಳ ಮಾಸಿಕದ ಒಂದು ಕಟ್ಟು ನನ್ನ ಮುಂದೆ ಒಗೆದರು. "ಹುಡುಗ್ರ ಚಿತ್ರ, ರದ್ದಿ ಅದ. ಪುಸ್ತಕಕ್ಕ ಹೊದಿಕಿ ಹಾಕಾಕ ಬರ್ತಾವು, ಒಯ್ರಿ."

ತೆರೆದರೆ — ನನ್ನ ಹಳೇ ಚಿತ್ರಕಥೆ, ಎರವಿನ ಭೀಮ್ಯಾ! ಹತ್ತು ವರ್ಷದವಳಿದ್ದಾಗ ಇದಕ್ಕಾಗಿ ಟಪಾಲಿನವನ ಹಾದಿ ಕಾಯುತ್ತಿದ್ದೆ. ಭೀಮ್ಯಾ ಶಾಣ್ಯಾ ಹುಡುಗ. ಯಾವೂರ ಶಾಲೆಗೆ ಡೆಪ್ಯೂಟಿ ಸಾಹೇಬರು ತಪಾಸಣೆಗೆ ಬಂದರೂ ಮಾಸ್ತರರು ಅವನನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಾರೆ. ಒಂದೂರಲ್ಲಿ ರಾಮ್ಯಾ, ಮುಂದಿನೂರಲ್ಲಿ ಸಂಗ್ಯಾ. ಎಲ್ಲಾ ಕಡೆ ಪಾಸು, ಎಲ್ಲಾ ಕಡೆ ಬಹುಮಾನಕ್ಕೆ ಒಂದೊಂದು ಸಿಹಿ ಉಂಡಿ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ.

ಬಸ್ಸಿನಲ್ಲಿ ಮತ್ತೆ ನೋಡಿದೆ. ಮಾಸ್ತರ "ರಾಮ್ಯಾ" ಅನ್ನುತ್ತಾನೆ, ಭೀಮ್ಯಾ "ಹಾಜರ್" ಅನ್ನುತ್ತಾನೆ. ಚಿತ್ರದ ಮೂಲೆಯಲ್ಲಿ, ಕಿಡಕಿಯ ಹೊರಗೆ, ಕುರಿ ಕಾಯುವ ಹುಡುಗನೊಬ್ಬ ತಿರುಗಿ ನೋಡುತ್ತಾನೆ. ಆತನೇ ಖರೆ ರಾಮ್ಯಾ. ಪ್ರತಿ ಸಂಚಿಕೆಯಲ್ಲೂ ಒಬ್ಬ ಇದ್ದಾನೆ, ಅವನ ಕಡೆ ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಉಂಡಿ ಎಣಿಸುತ್ತಿದ್ದೆ!

ಬರೆದವನ ಹೆಸರೂ ಇಲ್ಲ. ಶಾಲೆಗಳ ಈ ಮೋಸವನ್ನು ಇಷ್ಟು ಚೆನ್ನಾಗಿ ಬೈದಿದ್ದಾನೆ ಮಹಾರಾಯ, ಮಕ್ಕಳದ್ದು ಅಂತ ದೊಡ್ಡವರು ಒಬ್ಬರೂ ಓದಲಿಲ್ಲ. ಇವತ್ತಿಗೂ ರದ್ದಿ ಅಂತಾರೆ. ಹೊದಿಕೆ ಹಾಕಬೇಕಂತೆ... ಒಂದು ಹಾಳೆ ಹರಿಯಲಿಕ್ಕೆ ಬಿಡುವುದಿಲ್ಲ.

೧೨ ಜನವರಿ

ಭೀಮ್ಯಾನ ಹಾಗೆ ನಾನೂ ಹೋಗಿದ್ದೆ. ಬೆಳಿಗ್ಗೆ ಜಳಕ ಮಾಡುವಾಗ ನೆನಪಾಯಿತು, ನೀರಿನ ಚರಿಗೆ ಕೈಯಲ್ಲೇ ಉಳಿಯಿತು. ಈಗ ನಾನು ವರ್ಗ ನಡೆಸುವ ಆ ಹಳ್ಳಿ ಶಾಲೆಗೆ ಆಗ ಅಪ್ಪನೇ ಹೆಡ್‌ಮಾಸ್ತರ. ನಾನು ಇಲ್ಲಿ ಬಾಗೇವಾಡಿಯಲ್ಲಿ ಓದುತ್ತಿದ್ದೆ. ಒಂದು ದಿನ ಗಾಡಿ ಕಟ್ಟಿ ಕರೆದೊಯ್ದರು, ಹಾದಿಯುದ್ದಕ್ಕೂ ಯಾವುದೋ ಹೆಸರು ಬಾಯಿಪಾಠ ಮಾಡಿಸಿದರು. ಬತ್ತಾಸಿನ ರುಚಿ ನೆನಪಿದೆ, ಹೆಸರು ನೆನಪಿಲ್ಲ. ಛೀ.

ಸಂಜೆ ೧೯೫೧ರ ಆ ರಜಿಸ್ಟರ್ ನೋಡಿದೆ. ಅಪ್ಪನ ಅಕ್ಷರ, ದುಂಡಗೆ.

ಮನೆಗೆ ಬಂದು ಕೇಳಿಯೇ ಬಿಟ್ಟೆ. ಅಪ್ಪಾ ಅಡಿಕೆ ಕತ್ತರಿಸುವುದು ನಿಲ್ಲಿಸಿದರು.

"ಇಪ್ಪತ್ತೈದು ಹುಡುಗ್ರನ್ನ ತೋರಸಲಿಲ್ಲಂದ್ರ ಸಾಲಿ ಮುಚ್ಚತಿದ್ರವಾ. ನಾ ಉಳಿಸೀನಿ ಅದನ್ನ."

"ನನ್ನ ಕಡಿಂದ ಯಾರ ಹೆಸರು ಹೇಳಿಸಿದ್ರಿ ಅಪ್ಪಾ?"

"ಈಗ್ಯಾಕ ರುಕ್ಮಿಣಿ ಅದೆಲ್ಲಾ..." ಅಡಕತ್ತರಿ ಕೆಳಗಿಟ್ಟು, "ಗುರುಲಿಂಗಪ್ಪನ ಮಗಳು. ಸಿದ್ದಲಿಂಗವ್ವ."

ಶಾಲೆ ಉಳಿಯಿತಂತೆ! ಯಾರಿಗೆ ಉಳಿಯಿತು?

೨೨ ಜನವರಿ

ಹತ್ತು ದಿನ ಬರೆಯಲಿಕ್ಕೆ ಮನಸ್ಸೇ ಆಗಲಿಲ್ಲ. ಇವತ್ತು ಬಸಂತರಾಯರಿಗೆ ಎಲ್ಲಾ ಹೇಳಿದೆ. ಅವರು ನಕ್ಕರು.

"ಬರದು ಕೊಡ್ರಿ ಹಂಗಾರ. ನಿಮ್ಮ ತಂದಿಯವ್ರ ಹೆಸರು ಹಾಕಿ ಕೊಡ್ರಿ. ಶುಕ್ರವಾರ ಅವ್ರಿಗೆ ಇದ ಅಂಗಳದಾಗ ಶಾಲು ಹೊದಸಾಕತ್ತೇವಿ, ನೆನಪೈತಿಲ್ಲೋ?"

ಗೊತ್ತು ಆ ಮನುಷ್ಯನಿಗೆ, ನಾನು ಬರೆಯುವುದಿಲ್ಲ ಅಂತ. ಎರಡು ಹಾಳೆ ಹರಿದು ಹಾಕಿದೆ. ಮೂರನೆಯದರಲ್ಲಿ ಬರೆದೆ: ಸಿದ್ದಲಿಂಗವ್ವ ಎಂದು ಕರೆದಾಗ ಹಾಜರ್ ಅಂದವಳು ನಾನು, ಹೇಳಿಸಿದವರು ನನ್ನ ತಂದೆ. ಸಹಿ ಮಾಡಿದೆ. ಅಪ್ಪನಿಗೆ ಓದಿ ತೋರಿಸಿದೆ. ಕನ್ನಡಕ ತೆಗೆದು ಒರೆಸುತ್ತಾ ಕೂತರು.

೨೭ ಜನವರಿ

ಪತ್ರವನ್ನು ಬುಧವಾರವೇ ಬಸಂತರಾಯರ ಕೈಗೆ ಕೊಟ್ಟೆ. ಓದಿ ಮೋರೆ ಕಪ್ಪಾಯಿತು. ನಿನ್ನೆ ಶಾಲು ತಯಾರಿತ್ತು, ಅಪ್ಪಾ ಹೋಗಲಿಲ್ಲ. "ಜ್ವರಾ ಬಂದಾವಂತ ಹೇಳು," ಎಂದರು. ಅದೊಂದೇ ಮಾತು, ಐದು ದಿನದಲ್ಲಿ. ಊಟಕ್ಕೆ ಕರೆದರೆ ಗೋಡೆಯ ಕಡೆ ಹೊರಳಿ ಮಲಗುತ್ತಾರೆ. ಸಂಕಟವಾಗುತ್ತದೆ. ಸಿಟ್ಟು ಮಾತ್ರ ಇಳಿದಿಲ್ಲ.

೫ ಫೆಬ್ರವರಿ, ಸೋಮವಾರ

ಪತ್ರ ಕೈಯಲ್ಲಿದ್ದ ಮೇಲೆ ಬಸಂತರಾಯರು ಒಪ್ಪಲೇಬೇಕಾಯಿತು, ಸಿದ್ದಲಿಂಗವ್ವನ ಹೆಸರು ವರ್ಗಕ್ಕೆ ಸೇರಿತು. ನಡೆದದ್ದನ್ನು ಆಕೆಗೆ ಹೇಳಿದ್ದು ನಾನೇ, ಎಲ್ಲರೆದುರು. ನಿನ್ನ ಹೆಸರಿನಲ್ಲಿ ಪರೀಕ್ಷೆ ಕೊಟ್ಟವಳು ನಾನು, ಅಂತ. ಬೈಯಲಿ ಎಂದೇ ಹೋಗಿದ್ದೆ. ಆಕೆ ಕಣ್ಣರಳಿಸಿ ಕೇಳಿದಳು:

"ಎಷ್ಟನೇ ನಂಬರ ಬಂದಿದ್ನಿರಿ ನಾ?"

"ಮೊದಲನೇ ನಂಬರ."

"ಹೌದಾ! ಸಾಹೇಬ್ರು ಏನಂದ್ರು?"

"ಶಾಬ್ಬಾಸ್ ಸಿದ್ದಲಿಂಗವ್ವ ಅಂದ್ರು."

ಇನ್ನೊಮ್ಮೆ ಹೇಳಿಸಿದಳು. ಪಕ್ಕದವಳನ್ನು ತಿವಿದು, ಕೇಳಿದೇನು, ಎಂದಳು. ಸೆರಗಿನಿಂದ ಪಾಟಿ ಒರೆಸಿಕೊಂಡು ಕುಂತಳು.

"ಹಂಗಾರ ನನಗ ಅಕ್ಷರ ಜಲ್ದಿ ಬರಬೇಕಲ್ರಿ ಬಾಯಾರ?"

ಬಳಪ ಬೆರಳಲ್ಲಿ ನಿಲ್ಲಲೊಲ್ಲದು. ಮೂವತ್ತೆಂಟು ವರ್ಷದ ಕೈ. ಹಿಡಿದು ಬರೆಸಿದೆ, ಒಂದು ಗಂಟೆ, ಒಂದೇ ಅಕ್ಷರ. ಆ ಶಾಬ್ಬಾಸ್ ಕೇಳಿ ಅವತ್ತು ನಾನು ಎಷ್ಟು ಹಿಗ್ಗಿದ್ದೆ ಎಂಬುದನ್ನು ಮಾತ್ರ ಅವಳಿಗೆ ಹೇಳಲಿಲ್ಲ.