ಕಡುತಿರುವಿಗೆ ಮುಂಚೆ ಕೇಳಬೇಕಾದ ಮಾತು

ಭೂಮಿಯವರಿಗೆ ಶನಿಯ ಉಂಗುರ ಗೆರೆಯಷ್ಟೇ ತೆಳ್ಳಗೆ ಕಾಣುವ ವರ್ಷ,
ನಮ್ಮೂರ ಪಂಚಾಂಗದಂತೆ ಎರಡನೆಯ ಶ್ರಾವಣದ ಮೂವತ್ತೊಂಬತ್ತನೆಯ ದಿನ

ಶಾಂಭವಿಗೆ, ನೀಲಾಂಬಿಕೆಯ ಶರಣು.

ನೀನು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಈ ಕಾಗದ ಮುಟ್ಟುವ ದಿನ ನಿನಗಿನ್ನೂ ಮೂವತ್ತು ತುಂಬಿರುವುದಿಲ್ಲ, ನನಗೋ ಹಲ್ಲೆಲ್ಲ ಉದುರಿವೆ. ತಾಯಿ ಅನ್ನಲೋ ಮಗಳೇ ಅನ್ನಲೋ ತಿಳಿಯದೆ ಹೆಸರು ಹಿಡಿದೇ ಕರೆದಿದ್ದೇನೆ. ಸಾಮಾನಿನ ಡಬ್ಬಿಗಳ ಮೇಲಿನ ಅಕ್ಷರ ನೋಡಿ ಓದು ಕಲಿತವಳು ನಾನು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಕಾಲದಲ್ಲಿ ಹಿಂದಕ್ಕೆ ಹರಿಯುವ ಟಪಾಲಿಗೆ ನಾವು ಹಿನ್ನಂಚೆ ಎನ್ನುತ್ತೇವೆ. ಅದು ಬೆಳಗಿನ ಜಾವದ ಕನಸಿನಂತೆ ಬಂದು ಸೇರುತ್ತದಂತೆ.

ನೀನು ಊಟದ ಮೇಜಿನ ಮೇಲೆ ಮಕ್ಕಳಿಗಾಗಿ ಕಟ್ಟಿದ ಹಡಗುಗಳ ಕಾಳಗದ ಆಟ ಇಲ್ಲಿ ಈಗಲೂ ನಡೆದಿದೆ. ನಮ್ಮದು ಶನಿಯ ಸುತ್ತ ತಿರುಗುವ ಊರು. ಗೋಡೆಗಳಲ್ಲಿ ಮೆಂತ್ಯ ಬೆಳೆಯುತ್ತೇವೆ. ನೀರಿಗೆಂದು ತಂದ ಮಂಜುಗಡ್ಡೆ ಕರಗುವ ಸದ್ದು ಯಾರೋ ಪಕ್ಕದ ಕೋಣೆಯಲ್ಲಿ ಗುನುಗಿದ ಹಾಗೆ ಇಡೀ ಊರಿಗೆ ಕೇಳುತ್ತದೆ. ಊಟವಾದ ಮೇಲೆ ಪರಾತದ ಅಗಲ ತಟ್ಟೆ ಬೋರಲು ಹಾಕಿ, ಅದರ ಮೇಲೆ ತಗಡಿನ ಹಡಗುಗಳನ್ನು ಇಡುತ್ತೇವೆ. ಹಡಗುಗಳ ಒಳಗೆ ಜನರ ಬದಲು ಸೀತಾಫಲದ ಬೀಜಗಳು. ಆಡುವವರಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು.

ನೇರ ಸಾಗಲು, ಮೆಲ್ಲಗೆ ಬಾಗಲು ದಾಳ ಬೇಡ. ಓಡುವ ಹಡಗನ್ನು ತಟ್ಟನೆ ಹೊರಳಿಸುವುದೇ ಕಡುತಿರುವು. ವೇಗ ಹೆಚ್ಚಿದಷ್ಟೂ ದಾಳ ಹೆಚ್ಚು ಬೀಳಬೇಕು, ಬೀಳದಿದ್ದರೆ ಹಡಗು ಸೀಳಿತೆಂದೇ ಲೆಕ್ಕ. ಇಷ್ಟು ನಿನ್ನ ನಿಯಮ. ನಮ್ಮ ಮನೆಯವರು ಒಂದನ್ನು ಕೂಡಿಸಿದ್ದಾರೆ. ದಾಳ ಮುಟ್ಟುವ ಮೊದಲು ಬೀಜ ಯಾರದೋ ಅವರನ್ನು ಕೇಳಬೇಕು. ಒಲ್ಲೆ ಎಂದವರು ತಮ್ಮ ಬೀಜ ಎತ್ತಿಕೊಳ್ಳಬಹುದು. ಹಡಗು ಹಗುರಾಗಿ ತಿರುವು ಸಲೀಸಾಗುತ್ತದೆ, ಆದರೆ ಅವರ ಕೆಲಸಕ್ಕೆ ಯಾರೂ ಇರುವುದಿಲ್ಲ.

ಈಗ ಬರೆಯುತ್ತಿರುವುದು ನಿಜವಾದ ಹಡಗಿನಲ್ಲಿ ಕುಳಿತು. ಇಲ್ಲೂ ನಮಗೆ ಅದೇ ನಿಯಮ. ಮಂಜುಗಡ್ಡೆ ತರಲು ಹೋದವರ ದೋಣಿ ಒಡೆದಿದೆ. ಕೈಕಾಲು ಮುರಿದುಕೊಂಡು ಒಂದು ಪುಟ್ಟ ಚಂದ್ರನ ಆಚೆ ತೇಲುತ್ತಿದ್ದಾರೆ. ಅವರ ಗಾಳಿ ಮುಗಿಯುವುದರೊಳಗೆ ಮುಟ್ಟಲು ಕಡುತಿರುವೊಂದೇ ದಾರಿ. ಚುಕ್ಕಾಣಿ ನನ್ನ ಮೊಮ್ಮಗಳು ತುಂಗವ್ವನದು. ನಾನು ಎಲುಬು ಕೂಡಿಸುವವಳು.

ಆಟದಲ್ಲಿ ಕೇಳದೆಯೇ ದಾಳ ಎಸೆದು ಎಲ್ಲರಿಂದ ಬೈಸಿಕೊಳ್ಳುವ ತುಂಗವ್ವ, ಇವತ್ತು ಒಬ್ಬೊಬ್ಬರ ಎದುರು ನಿಂತು ಬರುತ್ತೀರಾ ಎಂದು ಕೇಳಿದಳು. ಎಂಜಿನ್ ನೋಡಿಕೊಳ್ಳುವ ಅವಳ ಚಿಕ್ಕಪ್ಪ ಸಂಗಯ್ಯ ತಲೆ ತಗ್ಗಿಸಿ, "ನಾ ಒಲ್ಲೆ ಯವ್ವಾ, ಮನ್ಯಾಗ ಕೂಸು ಐತಿ" ಎಂದ.

"ಆತು ಕಾಕಾ. ಸಣ್ಣ ದೋಣ್ಯಾಗ ಹಿಂದಕ್ಕ ಹೋಗು. ಬುತ್ತಿ ತಗೊ."

"ಚಟ್ನಿ ಇಲ್ಲೇ ಇಟ್ಟು ಹೋಗಲಿ," ಎಂದು ಹಿಂದಿನಿಂದ ಯಾರೋ ಅಂದರು. ಸಂಗಯ್ಯನೂ ನಕ್ಕ. ಹೇಡಿ ಎಂದು ಯಾರೂ ಅನ್ನಲಿಲ್ಲ. ಇನ್ನು ಎಂಜಿನ್ನನ್ನೂ ತುಂಗವ್ವನೇ ನೋಡಬೇಕು.

ನನ್ನನ್ನು ಮಾತ್ರ ಅವಳು ಕೇಳದೆ ದಾಟಿಹೋದಳು. ಸೆರಗು ಹಿಡಿದು ನಿಲ್ಲಿಸಿದೆ.

"ಆಯೀ, ಈ ತಿರುವಿಗೆ ನಿನ್ನ ಎಲುಬು ತಡಿಯಂಗಿಲ್ಲ. ನೀನೂ ದೋಣ್ಯಾಗ ಹೋಗು."

"ಎಲುಬು ನಂದು. ನೀ ಕೇಳೂದು ಕೇಳು."

ಶನಿಯ ಹಳದಿ ಬೆಳಕು ಅವಳ ಮುಖದ ಮೇಲೆ ನಿಧಾನವಾಗಿ ಸರಿಯಿತು. ಕೇಳಿದಳು. ಬರ್ತೀನಿ ಅಂದೆ.

ಶಾಂಭವಿ, ನಮ್ಮವರು ಈ ನಿಯಮ ಕೂಡಿಸುವ ಮೊದಲು ಎಷ್ಟು ಜನ ಯಾರೂ ಕೇಳದೆಯೇ ತಿರುವಿಗೆ ಹೋದರೋ. ನೀನೇ ಇದನ್ನು ಮೊದಲ ನಿಯಮವಾಗಿ ಬರೆದಿಡು. ಮುಖ ನೋಡಿ ಕೇಳಬೇಕು, ಮುದುಕರನ್ನೂ ಬಿಡದೆ ಕೇಳಬೇಕು ಎಂದು ಸೇರಿಸು.

ಕುರ್ಚಿಯ ಪಟ್ಟಿ ಬಿಗಿಯಲು ತುಂಗವ್ವನೇ ಬಂದಿದ್ದಾಳೆ. ಕೈಯನ್ನೂ ಕಟ್ಟಬೇಕಂತೆ. ಬರಲೇ.