ನೀಲಿ ಚೀಲಕ್ಕೆ ಕಪ್ಪು ಅಂಚು

ಮಾರ್ಚ್ 6, ಬುಧವಾರ

ಚರ್ಮದ ಚೀಲಗಳ ಎಂಬತ್ತು ಹಿಡಿಕೆ. ಅಂಚಿಗೆ ಬಣ್ಣದ ಮೂರನೆಯ ಕೋಟ್ ಮುಗಿಯಿತು. ಒಣಗಿದ ಮೇಲೆ ಉಪ್ಪುಕಾಗದ, ಆಮೇಲೆ ಬಿಸಿ ಕಬ್ಬಿಣ, ಮತ್ತೆ ಬಣ್ಣ. ಒಳಗೆ ಎರಡು ಪದರ ಚರ್ಮವಿದೆ ಎಂದು ಉಗುರಿಗೆ ತಿಳಿಯಬಾರದು. ಅಲ್ಲಿಯವರೆಗೆ ಬಿಡುವ ಹಾಗಿಲ್ಲ.

ಮಲ್ರೇ ಅಕ್ಕನ ಹಿಡಿಕೆಗಳಲ್ಲಿ ಇವತ್ತೂ ಹನ್ನೆರಡನ್ನು ತಿದ್ದಿದೆ. ಬಣ್ಣ ಅಂಚು ದಾಟಿ ಚರ್ಮದ ಮೇಲೆ ಹರಿದಿತ್ತು. ಅವಳು ಕೈ ತೊಳೆಯಲು ಹೋದಾಗ ಒರೆಸಿಬಿಟ್ಟೆ. ಚಳಿಗಾಲದಿಂದ ಹೀಗೇ. ಹತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಇಬ್ಬರಿಗೂ ಒಂದೇ ಮೇಜು. ನನ್ನ ಕೈಗೆ ಬಣ್ಣದ ಕಡ್ಡಿ ಕೊಟ್ಟು ಕಲಿಸಿದ್ದೇ ಅವಳು.

ಊಟದ ಹೊತ್ತಿಗೆ ಮೇಲೆ ನೋಡಿ, "ಈ ದೀಪ ಎಷ್ಟು ಮಂಕು ಕಣೇ ಒಕ್ಸಿಮ್, ಜಿಪುಣರು, ಒಂದು ಹೊಸದು ಹಾಕಕ್ಕೂ ಆಗಲ್ವಾ" ಎಂದಳು.

ದೀಪ ಹೋದ ವಾರ ಹಾಕಿದ್ದು. ಅನ್ನಕ್ಕೆ ಸೂಪು ಸುರಿದುಕೊಂಡೆ.

ಮಾರ್ಚ್ 14, ಗುರುವಾರ. ಸಂಜೆ 7.30

ಕಡುನೀಲಿ ಚೀಲಗಳು, ಇಪ್ಪತ್ತಾರು. ಅಂಚೂ ನೀಲಿ ಇರಬೇಕಿತ್ತು, ಎಲ್ಲದಕ್ಕೂ ಕಪ್ಪು.

ಮ್ಯಾನೇಜರ್ ಪ್ಯೋ ಸಾಲಾಗಿ ಇಡಿಸಿದರು. "ಯಾರ ಕೈ ಇದು?" ಅಕ್ಕ ಒಂದನ್ನು ಕಿಟಕಿಯ ಹತ್ತಿರ ಒಯ್ದಳು. ತಿರುಗಿಸಿದಳು, ಮುಖಕ್ಕೆ ಹತ್ತಿರ ಹಿಡಿದಳು. "ನಂದೇ ಇರಬೇಕು. ಡಬ್ಬಿ ಅದಲುಬದಲು ಆಗಿದೆ." ಬೆರಳಿನಿಂದ ಅಂಚು ಸವರಿ, "ಕೆಲಸ ಮಾತ್ರ ನುಣುಪಾಗಿದೆ ಬಿಡಿ" ಎಂದಳು. ಇಬ್ಬರು ನಕ್ಕರು. ಪ್ಯೋ ನಗಲಿಲ್ಲ.

ಕೆಲಸ ಬಿಡುವ ಹೊತ್ತಿಗೆ ನನ್ನನ್ನು ಒಳಗೆ ಕರೆದರು. ಕಾಗದದ ಲೋಟದಲ್ಲಿ ಕಾಫಿ. "ನಿಜ ಹೇಳಿ ಅಮ್ಮಾ. ಅವರ ಕಣ್ಣು ಸರಿ ಇದೆಯಾ?"

ಗೊತ್ತಿಲ್ಲ ಎನ್ನಬಹುದಿತ್ತು.

"ಇಲ್ಲ. ಚಳಿಗಾಲದಿಂದ ನಾನೇ ತಿದ್ದುತ್ತಾ ಇದ್ದೀನಿ."

ಅವಳನ್ನು ಪೆಟ್ಟಿಗೆ ತುಂಬುವ ಕಡೆಗೆ ಹಾಕುತ್ತಾರೆ, ಅವಳಿಗೂ ಹಗುರ ಎಂದುಕೊಂಡೆ. ಅಷ್ಟೇನಾ? ಈ ತಿಂಗಳು ನಮ್ಮ ಮೇಜಿಗೆ ಮುಖ್ಯಸ್ಥೆಯನ್ನು ಆರಿಸುವುದಿತ್ತು. ಅದೂ ತಲೆಯಲ್ಲಿತ್ತು. ಈ ಡೈರಿಯಲ್ಲಾದರೂ ಸುಳ್ಳು ಬೇಡ.

ಮಾರ್ಚ್ 15

ಹತ್ತು ಗಂಟೆಗೆ ಅಕ್ಕ ಪ್ಯೋ ಕೋಣೆಯಿಂದ ಬಂದಳು. ಏಪ್ರನ್ ಮಡಚಿದಳು, ಚಪ್ಪಲಿ ಚೀಲಕ್ಕೆ ಹಾಕಿಕೊಂಡಳು. "ನಾಳೆಯಿಂದ ಬೇಡ ಅಂದ್ರು. ಅರವತ್ತಮೂರಾಯ್ತಲ್ಲ, ಸಾಕು ಬಿಡು." ನನ್ನ ಬೆನ್ನು ತಟ್ಟಿದಳು. ನನ್ನ ಕಡ್ಡಿಯ ತುದಿಯಲ್ಲಿ ಬಣ್ಣ ಒಣಗಿಹೋಯಿತು.

ಮಾರ್ಚ್ 25

ಮುಖ್ಯಸ್ಥೆ ನಾನೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ಏಪ್ರಿಲ್ 21, ಭಾನುವಾರ

ಅಕ್ಕ ಮನೆಗೆ ಬಂದಿದ್ದಳು. ಮೆಟ್ಟಿಲನ್ನು ಕಾಲಿನಿಂದ ತಡವುತ್ತಾ ಹತ್ತಿದಳು. ಉಪ್ಪು-ಖಾರದಲ್ಲಿ ಹುಳಿ ಬರಿಸಿದ ಒಂದು ಡಬ್ಬಿ ಮೂಲಂಗಿ ಕಿಮ್ಚಿ ತಂದಿದ್ದಳು. "ಉಪ್ಪು ಜಾಸ್ತಿ ಆಗಿದೆ, ಬೈಕೋಬೇಡ."

ಬಾರ್ಲಿ ನೀರು ಕುಡಿಯುತ್ತಾ ಹೇಳಿದಳು: "ಇಷ್ಟು ದಿನ ನನ್ನ ಕೆಲಸ ನೀನೇ ತಿದ್ದುತ್ತಾ ಇದ್ದೆಯಂತೆ. ಗೊತ್ತೇ ಇರಲಿಲ್ಲ."

ಯಾರು ಹೇಳಿದರು ಎಂದು ಕೇಳಲಿಲ್ಲ. "ಅದೇನು ಮಹಾ, ಅಕ್ಕ" ಎಂದೆ. ಹೊರಡುವಾಗ ಬಾಗಿಲಲ್ಲಿ ಶೂ ಲೇಸು ಕಟ್ಟಲು ಬಹಳ ಹೊತ್ತು ತೆಗೆದುಕೊಂಡಳು. ನಾನು ಹವಾಮಾನದ ಮಾತಾಡಿದೆ.

ಜೂನ್ 2, ಭಾನುವಾರ

ಮತ್ತೆ ಬಂದಳು. ಮೆಟ್ಟಿಲನ್ನು ಸರಸರ ಹತ್ತಿದಳು.

"ಪೊರೆ ಅಂತೆ ಕಣೇ. ಬರೀ ಪೊರೆ. ಒಂದೊಂದು ಕಣ್ಣಿಗೆ ಇಪ್ಪತ್ತು ನಿಮಿಷದ ಆಪರೇಷನ್. ಪಟ್ಟಿ ಬಿಚ್ಚಿದ್ರೆ ನರ್ಸ್ ಮುಖದಲ್ಲಿ ಎಷ್ಟು ಮಚ್ಚೆ!"

ಇಪ್ಪತ್ತು ನಿಮಿಷ.

ಗೂಟಕ್ಕೆ ತೂಗುಹಾಕಿದ್ದ, ನಾನೇ ಅಂಚು ಬಳಿದ ನನ್ನ ಚೀಲ ತೆಗೆದು ಹಿಡಿಕೆ ನೋಡಿದಳು. "ಇಲ್ಲಿ ಗುಳ್ಳೆ ಎದ್ದಿದೆ. ಒಣಗೋಕೆ ಮುಂಚೆ ಮೇಲಿನ ಕೋಟ್ ಎಳೆದಿದ್ದೀಯ. ಮೊದಲಿಂದ್ಲೂ ಆತುರ ನಿಂಗೆ." ಈಗ ಒಂದು ನೂಡಲ್ ಅಂಗಡಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾಳಂತೆ. ಬಣ್ಣ ಹೋಗಿ ಬೆರಳುಗಳು ಬಿಳಿಚಿಕೊಂಡಿವೆ.

ಹೇಳಬೇಕೆಂದು ಬಾಯಿ ತೆರೆದೆ. ಕಲ್ಲಂಗಡಿ ಹೆಚ್ಚಿಕೊಟ್ಟೆ.

ಜೂನ್ 3

ಪ್ಯೋ ಹತ್ತಿರ ಹೋದೆ. ಅಕ್ಕನ ಕಣ್ಣು ಈಗ ನಮ್ಮೆಲ್ಲರಿಗಿಂತ ಚೆನ್ನಾಗಿದೆ, ಮತ್ತೆ ತೆಗೆದುಕೊಳ್ಳಿ ಎಂದೆ. "ಆ ಜಾಗ ಏಪ್ರಿಲಲ್ಲೇ ತುಂಬಿತಲ್ಲಮ್ಮಾ." ನನ್ನ ಜಾಗ ಕೊಡಿ ಎಂದು ನಾಲಗೆಯ ತುದಿಗೆ ಬಂತು… ಹೊರಗೆ ಬರಲಿಲ್ಲ.

ಜೂನ್ 16, ಭಾನುವಾರ

ನೂಡಲ್ ಅಂಗಡಿಯ ಹಿತ್ತಲಿಗೆ ಹೋದೆ. ಕುಕ್ಕುರುಗಾಲಲ್ಲಿ ಕೂತಿದ್ದಳು, ಮುಂದೆ ಬೆಳ್ಳುಳ್ಳಿ ಬುಟ್ಟಿ. ನಾನೂ ಕೂತೆ. ನಾಲ್ಕು ಎಸಳು ಬಿಡಿಸಿದೆ. ಪ್ಯೋಗೆ ಅವಳ ಕಣ್ಣಿನ ವಿಷಯ ತಿಳಿಸಿದ್ದು ನಾನೇ ಎಂದು ಹೇಳಿದೆ.

ಅವಳ ಕೈ ನಿಲ್ಲಲಿಲ್ಲ. "ಗೊತ್ತು. ಅವತ್ತೇ ಹೇಳಿದ ಅವನು."

"ಮತ್ತೆ… ಮನೆಗೆ ಬಂದೆಯಲ್ಲ?"

"ನೀನೇ ಹೇಳ್ತೀಯೇನೋ ಅಂತ ಬಂದೆ. ಎರಡು ಸಲ."

ಒಳಗೆ ಯಾರೋ ತಟ್ಟೆ ಜೋಡಿಸುತ್ತಿದ್ದರು.

"ಅವನಿಗೆ ಹೇಳಿದೆಯಲ್ಲ, ಅದಕ್ಕೆ ಸಿಟ್ಟಿಲ್ಲ. ಅವನು ಕೇಳಿದ, ನೀನು ಹೇಳಿದೆ. ಅದಕ್ಕೆ ಮುಂಚೆ ಮೂರು ತಿಂಗಳು ಕದ್ದು ಕದ್ದು ತಿದ್ದಿದೆಯಲ್ಲ, ಆಗ ಒಂದು ಮಾತು… ಅಕ್ಕ, ಕಣ್ಣು ತೋರಿಸ್ಕೋ ಅಂತ. ಅಷ್ಟೇ ಬೇಕಾಗಿದ್ದಿದ್ದು."

ನೋಯಿಸಬಾರದೆಂದು ಸುಮ್ಮನಿದ್ದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಆದರೆ ಅವಳ ಕೆಲಸ ತಿದ್ದುವಾಗ ಒಳಗೊಳಗೇ ಹಿಗ್ಗಿದ್ದೂ ಉಂಟು. ಕಲಿಸಿದವಳಿಗಿಂತ ನನ್ನ ಅಂಚು ಚೆನ್ನ ಎಂದು.

ಸಿಪ್ಪೆ ಗುಡಿಸಿ ಎದ್ದಳು. "ಹೋಗು, ಗಿರಾಕಿ ಬರೋ ಹೊತ್ತು."

ಜೂನ್ 23, ಭಾನುವಾರ

ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಧ್ಯಾಹ್ನ ಮತ್ತೆ. ಇಲ್ಲ. ನಾಲ್ಕು ಗಂಟೆಗೆ ಎತ್ತಿದಳು. ಹಿಂದೆ ನೀರು ಸುರಿಯುವ ಸದ್ದು.

"ಹೇಳು."

ಊಟ ಆಯ್ತಾ ಎಂದು ಕೇಳಿದೆ. ವಾರವಿಡೀ ಜೋಡಿಸಿಕೊಂಡಿದ್ದ ಮಾತು ಅದಲ್ಲ. ಅವಳು ಫೋನ್ ಇಡಲಿಲ್ಲ. ನಲ್ಲಿ ನಿಲ್ಲಿಸಿದ್ದು ಕೇಳಿಸಿತು. ಕಾಯುತ್ತಿದ್ದಾಳೆ ಎಂದು ತಿಳಿಯಿತು, ಮೂರನೆಯ ಸಲ.

ಅಕ್ಕಾ, ಎಂದೆ. ಆಮೇಲೆ, ನಿನ್ನ ಕೆಲಸ ತಿದ್ದುವಾಗ ಒಳಗೊಳಗೇ ಹಿಗ್ಗುತ್ತಿದ್ದೆ, ಅದಕ್ಕೇ ಕಣ್ಣಿನ ಮಾತು ಎತ್ತಲಿಲ್ಲ, ತಪ್ಪಾಯಿತು ಎಂದೆ.