ಇಪ್ಪತ್ತೈದನೇ ತಾರೀಖಿನ ತಕರಾರು

ಫತೇಗಂಜ್, ವಡೋದರಾ
30 ಡಿಸೆಂಬರ್ 2025, ಮಂಗಳವಾರ

ಶ್ರೀಮಾನ್ ದಿವಾಕರ ಅವರಿಗೆ ವೇದಾ ಮಾಡುವ ನಮಸ್ಕಾರ. ಸಾಷ್ಟಾಂಗ ಎಂದು ಬರೆಯುತ್ತಿದ್ದ ಕಾಲ ಹೋದ ಗುರುವಾರ ಮಧ್ಯಾಹ್ನಕ್ಕೆ ಮುಗಿಯಿತು.

ಮೇಲೆ ವಡೋದರಾ ಎಂದಿರುವುದನ್ನು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ, ಸರಿಯಾಗಿಯೇ ಓದಿದ್ದೀರಿ. ನಾನು ಹಜೀರಾದಲ್ಲಿ ಮಗಳ ಕಂಪನಿ ಕ್ವಾರ್ಟರ್ಸಿನಲ್ಲಿ ಇದ್ದೇನೆ ಎಂದು ನೀವು ಅಂದುಕೊಂಡಿದ್ದೀರಿ. ಶನಿವಾರದವರೆಗೆ ಅಲ್ಲೇ ಇದ್ದೆ. ಭಾನುವಾರ ಬೆಳಿಗ್ಗೆ ಸೂರತ್‌ನಲ್ಲಿ ರೈಲು ಹತ್ತಿ ಒಬ್ಬಳೇ ಇಲ್ಲಿಗೆ ಬಂದೆ. ನಮ್ಮ ಬೀಗಿತ್ತಿ ಆಗಬೇಕಾದ ಸುಶೀಲಾಬೆನ್ ಮೆಕ್ವಾನ್ ಅವರ ಮನೆಯಲ್ಲಿ, ಅವರ ಊಟದ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯಾವ ಮೇಜು ಗೊತ್ತಲ್ಲ? ನೀವು ಭಾಷಣ ಮಾಡಿದ ಮೇಜು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಫೋನಿನಲ್ಲಾಗಲಿ ಎದುರಿಗಾಗಲಿ ನನ್ನ ಒಂದು ವಾಕ್ಯವನ್ನು ಕೊನೆಯವರೆಗೆ ಕೇಳಿದ್ದೀರಾ? ಕಾಗದ ಮಧ್ಯೆ ಬಾಯಿ ಹಾಕುವುದಕ್ಕೆ ಬಿಡುವುದಿಲ್ಲ. ಅದಕ್ಕೇ ಕಾಗದ.

ಮೊದಲು ಆ ದಿನದ ಊಟದ ವಿಷಯ. ನಾವು ಮೊಟ್ಟೆ ಕೂಡ ಮುಟ್ಟದವರು ಎಂದು ಮಗಳು ಮನಸ್ವಿನಿ ಹೇಳಿದ್ದಕ್ಕೆ ಸುಶೀಲಾಬೆನ್ ತಮ್ಮ ಅಡುಗೆಮನೆಯಲ್ಲಿ ನಮಗೆ ಬೇಯಿಸಲೇ ಇಲ್ಲ. ಎದುರುಮನೆಯ ಪಟೇಲರ ಒಲೆಯ ಮೇಲೆ, ಅಂಗಡಿಯಿಂದ ಹೊಸದಾಗಿ ತಂದ ಪಾತ್ರೆಯಲ್ಲಿ, ಬೆಳಿಗ್ಗೆ ಆರಕ್ಕೇ ನಿಂತು ಹತ್ತು ತರಕಾರಿಯ ಉಂಧಿಯು ಮಾಡಿದ್ದರು. ಕೇಕ್ ಕೂಡ ಮೊಟ್ಟೆ ಹಾಕದ್ದು. ತಮ್ಮ ಕ್ರಿಸ್‌ಮಸ್ ಹಬ್ಬದ ದಿನ ತಮ್ಮ ಮನೆಯಲ್ಲಿ ತಾವೇ ಮಡಿ ಮಾಡಿದ ಹೆಂಗಸು ಅವರು. ನೀವು ಎರಡು ಸಲ ಹಾಕಿಸಿಕೊಂಡು ತಿಂದಿರಿ. ತಿನ್ನುತ್ತಲೇ, ಮೂಲೆಯಲ್ಲಿ ಅವರು ಬಾಲ ಕ್ರಿಸ್ತನ ಗೊಂಬೆ ಇಟ್ಟು ಜೋಡಿಸಿದ್ದ ಗೋದಲಿ ಕಡೆ ಬೆರಳು ತೋರಿಸಿ ಶುರು ಮಾಡಿದಿರಿ.

ನಿಮ್ಮ ಹಿಂದಿ ಇನ್ನೂ ಕಿವಿಯಲ್ಲಿದೆ. ಬೈಬಲ್ಲಿನಲ್ಲಿ ತಾರೀಖೇ ಇಲ್ಲ. ಮೊದಲ ಇನ್ನೂರು ವರ್ಷ ಯಾರೂ ಈ ಹಬ್ಬ ಮಾಡಿದ ದಾಖಲೆ ಇಲ್ಲ. ಡಿಸೆಂಬರ್ ಇಪ್ಪತ್ತೈದು ಎಂದು ಸಿಗುವುದು ನಾಲ್ಕನೇ ಶತಮಾನದಲ್ಲಿ, ರೋಮಿನ ಒಂದು ಪಟ್ಟಿಯಲ್ಲಿ. ಅದೇ ದಿನ ರೋಮನ್ನರ ಸೂರ್ಯನ ಹಬ್ಬ, ಅಲ್ಲಿಂದಲೇ ಎತ್ತಿಕೊಂಡಿದ್ದು. ಹೆರೋದ ರಾಜ ಸತ್ತ ವರ್ಷ ನೋಡಿದರೆ ಕ್ರಿಸ್ತ ಹುಟ್ಟಿದ್ದೇ ಕ್ರಿಸ್ತಪೂರ್ವದಲ್ಲಿ. ಇಷ್ಟು ಹೇಳಿ ನೀವೇ ನಕ್ಕಿರಿ. ಬೋಪಾಲ್ ಬಡಾವಣೆಯ ನಮ್ಮ ಸೊಸೈಟಿಯ ಹಿರಿಯ ನಾಗರಿಕರ ಮುಂದೆ ಇದೇ ಜಾಗದಲ್ಲಿ ನಗುತ್ತೀರಿ, ಅವರು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಯಾರೂ ತಟ್ಟಲಿಲ್ಲ.

ಸುಶೀಲಾಬೆನ್ ಎಷ್ಟು ಸಮಾಧಾನವಾಗಿ ಉತ್ತರ ಕೊಟ್ಟರು! ನಮ್ಮ ಪಾಸ್ಟರ್ ಪ್ರತಿ ವರ್ಷ ಇದನ್ನೇ ಹೇಳುತ್ತಾರೆ ಭಾಯಿ, ನಿಜವಾದ ದಿನ ಯಾರಿಗೂ ಗೊತ್ತಿಲ್ಲ, ನಮಗೂ ಅದು ಗೊತ್ತು ಎಂದರು. ಅಲ್ಲಿಗೆ ಮುಗಿಸಬೇಕಿತ್ತು. ನೀವು ಕಂಡುಹಿಡಿದ ಗುಟ್ಟು ಅವರ ಮನೆಯ ಹಳೇ ಸುದ್ದಿ ಎಂದು ಗೊತ್ತಾದಾಗ ನಿಮ್ಮ ಮುಖ ಸಪ್ಪಗಾಯಿತು, ನಾನು ನೋಡಿದೆ. ಸಪ್ಪಗಾದ ಮುಖಕ್ಕೆ ಉಪ್ಪು ಬೇಕಲ್ಲ, ಅದಕ್ಕೆ ಇನ್ನೊಂದು ಮಾತು ಸೇರಿಸಿದಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ಹುಟ್ಟಿದ ದಿನದ ಜಾಗವನ್ನು ಖಾಲಿ ಬಿಡಬೇಕು, ಯಾವುದೋ ದಿನ ತುಂಬಿಸಿ ಕೇಕ್ ಕತ್ತರಿಸುವುದು ಮೋಸ ಎಂದಿರಿ. ‘ಧೋಖಾ’ ಎಂದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ಅವರು ಮೇಜಿನ ಮೇಲಿದ್ದ ಕೇಕನ್ನು ಎತ್ತಿಕೊಂಡು ಒಳಗೆ ಹೋದರು. ತಿರುಗಿ ಹೊರಗೆ ಬರಲಿಲ್ಲ. ಅವರಿಗೆ ಸತ್ಯ ಸಹಿಸುವ ಶಕ್ತಿ ಇಲ್ಲ ಎಂದು ನೀವು ಕಾರಿನ ಬಳಿ ಹೇಳಿದಿರಿ. ಆ ಮಾತಿಗೇ ನಾನು ಕಾರು ಹತ್ತದೆ ಮಗಳ ಜೊತೆ ಹೊರಟದ್ದು.

ಈಗ ಕೇಳಿ. ಆ ಕೇಕಿನ ಮೇಲೆ ‘ಸುಶೀಲಾ’ ಎಂದು ಬರೆದಿತ್ತು. ಅದು ಅವರ ಹುಟ್ಟುಹಬ್ಬದ ಕೇಕ್.

ಹುಟ್ಟುಹಬ್ಬ ಅವತ್ತೇ ಎಂಬುದು ನನಗೆ ಮೊದಲೇ ಗೊತ್ತಿತ್ತು. ಮನಸ್ವಿನಿ ಹೇಳಿದ್ದಳು, ಕೊಡುವುದಕ್ಕೆ ಸೀರೆಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಮಿಕ್ಕಿದ್ದು ಗೊತ್ತಿರಲಿಲ್ಲ. ಹಜೀರಾಗೆ ಹೋಗುವ ದಾರಿಯಲ್ಲಿ ಅವರ ಮಗ ಆಕಾಶ್ ಹೇಳಿದ. ಹೇಳುವಾಗ ಆ ಹುಡುಗ ಒಂದು ಸಲವೂ ನಿಮ್ಮನ್ನು ಬೈಯಲಿಲ್ಲ, ಬೈದಿದ್ದರೆ ನನಗೆ ಎಷ್ಟೋ ವಾಸಿ ಇರುತ್ತಿತ್ತು.

ಅವನ ತಾಯಿಯನ್ನು ಹೆತ್ತವರು ಯಾರು ಎಂದು ಯಾರಿಗೂ ಗೊತ್ತಿಲ್ಲ. ಆಣಂದದ ಹತ್ತಿರ ಒಂದು ಮಿಷನ್ ಅನಾಥಾಲಯ ಇತ್ತಂತೆ. ಅದರ ಜಗಲಿಯ ಮೇಲೆ, ಗೋಣಿಚೀಲದಲ್ಲಿ ಸುತ್ತಿ ಕೂಸನ್ನು ಬಿಟ್ಟು ಹೋಗಿದ್ದರು. ಮೂರು ತಿಂಗಳ ಕೂಸೋ ಐದು ತಿಂಗಳದ್ದೋ, ಅದೂ ಅಂದಾಜು. ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ಹುಟ್ಟಿದ ದಿನ ಕೇಳಿದ್ದಾರೆ. ಅಲ್ಲಿನ ಮೇಟ್ರನ್ ಒಂದು ಕ್ಷಣ ಯೋಚನೆ ಮಾಡಿ ಡಿಸೆಂಬರ್ ಇಪ್ಪತ್ತೈದು ಎಂದು ಬರೆದರಂತೆ. ಯಾಕೆ ಗೊತ್ತೇ? ಈ ಮಗುವಿಗೆ ಅಂತ ಬೇರೆ ದಿನ ಸಿಹಿ ಮಾಡುವವರು ಯಾರೂ ಇಲ್ಲ, ಆ ದಿನವಾದರೆ ಊರೆಲ್ಲ ಸಿಹಿ ಮಾಡಿರುತ್ತದೆ, ತಪ್ಪಿ ಹೋಗುವುದಿಲ್ಲ ಎಂದು. ದಿವಾಕರ ಅವರೇ, ಆ ಮೇಟ್ರನ್ ಜಾಗ ಖಾಲಿ ಬಿಡಲಿಲ್ಲ. ನಿಮ್ಮ ಪ್ರಕಾರ ಮೋಸ ಮಾಡಿದರು.

ಆ ಮಗು ಬೆಳೆದು ನರ್ಸ್ ಆಯಿತು. ಮೂವತ್ತಾರು ವರ್ಷ ಹೆರಿಗೆ ವಾರ್ಡಿನಲ್ಲೇ ಕೆಲಸ. ಮಗು ಹೊರಗೆ ಬಂದ ಕೂಡಲೇ ಗೋಡೆಯ ಗಡಿಯಾರ ನೋಡಿ ಗಂಟೆ, ನಿಮಿಷ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಒಂದು ನಿಮಿಷ ಆಚೀಚೆ ಆದರೂ ಜಾತಕ ಬರೆಸುವವರು ಬಂದು ಜಗಳ ಆಡುತ್ತಾರೆ ಎಂದು ನಿನ್ನೆ ನನಗೆ ಹೇಳಿದರು. ಸಾವಿರಾರು ಮಕ್ಕಳ ನಿಮಿಷ ಬರೆದಿಟ್ಟ ಕೈಗೆ ತನ್ನ ತಿಂಗಳು ಯಾವುದು ಅಂತ ಗೊತ್ತಿಲ್ಲ. ಅವರ ಮುಂದೆ ಕೂತು, ಅವರ ಉಂಧಿಯು ಉಂಡು, ಅವರ ಹುಟ್ಟುಹಬ್ಬದ ದಿನ, ಜಾಗ ಖಾಲಿ ಬಿಡಿ ಎಂದಿರಿ.

ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಗೊತ್ತಾದ ಮೇಲೆ ಮಾಡಿದ್ದೇನು? ಮನಸ್ವಿನಿ ಅವತ್ತು ಸಂಜೆಯೇ ಎಲ್ಲವನ್ನೂ ನಿಮಗೆ ಮೆಸೇಜಿನಲ್ಲಿ ಬರೆದಳು. ಬೆಳಿಗ್ಗೆ ಎದ್ದು ಎರಡೂ ಮನೆಯವರಿರುವ ಗ್ರೂಪಿಗೆ ನೀವು ಕಳಿಸಿದ್ದು ಹನ್ನೊಂದು ಪುಟದ ಪಿಡಿಎಫ್. ಮೇಲೆ ಒಂದು ಸಾಲು: ‘ವೈಯಕ್ತಿಕವಾಗಿ ತೆಗೆದುಕೊಳ್ಳಬಾರದು, ವಿಷಯ ಐತಿಹಾಸಿಕ.’ ಓದಿ ನನ್ನ ಮೈ ಉರಿದುಹೋಯಿತು. ಅದರ ಏಳನೇ ಪುಟ ನೀವು ಓದಿದ್ದೀರಾ? ನಾನು ಓದಿದೆ. ಸೂರ್ಯನ ಹಬ್ಬದಿಂದ ಬಂತು ಎಂಬುದಕ್ಕೂ ಗಟ್ಟಿಯಾದ ಪುರಾವೆ ಇಲ್ಲ, ಮಾರ್ಚ್ ಇಪ್ಪತ್ತೈದಕ್ಕೆ ತಾಯಿ ಗರ್ಭ ಧರಿಸಿದಳೆಂದು ನಂಬಿ ಒಂಬತ್ತು ತಿಂಗಳು ಎಣಿಸಿ ದಿನ ಗೊತ್ತು ಮಾಡಿರಬಹುದು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ ಎಂದು ಅದರಲ್ಲೇ ಇದೆ. ನಿಮ್ಮ ಪಿಡಿಎಫ್‌ಗೇ ಇಲ್ಲದ ಧೈರ್ಯ ನಿಮಗೆ ಎಲ್ಲಿಂದ ಬಂತು?

ನನ್ನ ತಪ್ಪನ್ನೂ ಬರೆಯುತ್ತೇನೆ. ನೀವು ಗೋದಲಿ ಕಡೆ ಬೆರಳು ತೋರಿಸಿದಾಗಲೇ ನಿಮ್ಮ ಮೊಣಕೈ ಹಿಡಿದು ಸುಮ್ಮನಿರಿ ಎನ್ನಬೇಕಿತ್ತು. ನಾಲ್ಕು ಜನರ ಎದುರು ಗಂಡನ ಮಾತು ತಡೆಯಬಾರದು ಎಂಬ ಹಾಳು ಅಭ್ಯಾಸ. ಹೆರೋದನ ಮಾತಿಗೆ ಸ್ವಲ್ಪ ನಕ್ಕೆ ಕೂಡ. ಆ ನಗು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಮಗಳು ಏನು ಹೇಳಿದ್ದಾಳೆ ಎಂದು ಸರಿಯಾಗಿ ತಿಳಿದುಕೊಳ್ಳಿ. ಅವಳ ಕನ್ನಡ ನಿಮಗೆ ಗೊತ್ತಲ್ಲ, ಮೂರು ಭಾಷೆಯ ಕಲಬೆರಕೆ. ‘ಅಮ್ಮಾ, ಅಪ್ಪ ಸಾರಿ ಹೇಳ್ಬೇಕು. ಫೋನ್‌ನಲ್ಲಿ ನಹೀ, ಸಾಮ್ನೆ ಬಂದು. ಇಲ್ಲಾಂದ್ರೆ ಮದುವೆಗೆ ಬರೋದು ಬೇಡ’ ಎಂದಳು. ಅಳಲಿಲ್ಲ. ಅತ್ತಿದ್ದರೆ ನಾಳೆ ಸರಿ ಹೋಗುತ್ತಾಳೆ ಎನ್ನಬಹುದಿತ್ತು. ಫೆಬ್ರವರಿ ಎಂಟಕ್ಕೆ ಮದುವೆ. ಇರುವವಳು ಒಬ್ಬಳೇ ಮಗಳು. ಅವಳ ಮದುವೆಯ ದಿನ ನೀವು ಬೋಪಾಲ್‌ನ ಬಾಲ್ಕನಿಯಲ್ಲಿ ಕೂತು ಪೇಪರ್ ಓದುವ ಹಾಗೆ ಆಗುತ್ತದೆ. ಮಗಳ ಪರವಾಗಿ ನಾನು ನಿಲ್ಲುತ್ತೇನೆ, ನಿಮ್ಮ ಪರವಾಗಿ ಅಲ್ಲ.

ಸುಶೀಲಾಬೆನ್ ಏನನ್ನೂ ಕೇಳಿಲ್ಲ. ಭಾನುವಾರ ನಾನು ಬಾಗಿಲು ತಟ್ಟಿದಾಗ ಒಳಗೆ ಕರೆದು ಚಹಾ ಕೊಟ್ಟರು, ಭಾಯಿ ಊಟ ಹೇಗೆ ಮಾಡಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿದರು. ಮದುವೆಗೆ ತಾವೇ ಬರುವುದಿಲ್ಲವಂತೆ, ತಂದೆ ಇಲ್ಲದೆ ಹುಡುಗಿಯ ಮದುವೆ ಆಗಬಾರದು, ತಾಯಿ ಇಲ್ಲದಿದ್ದರೆ ತನ್ನ ಮಗ ಹೇಗೋ ಸುಧಾರಿಸಿಕೊಳ್ಳುತ್ತಾನೆ ಎಂದರು. ಇದು ನ್ಯಾಯವೇ? ನೀವೇ ಹೇಳಿ.

ನಿಮಗೆ ಒಂದು ದಾರಿ ಇದೆ, ಅದನ್ನು ತೋರಿಸಿದವರೂ ನೀವೇ. ಪೂರ್ವ ದೇಶಗಳ ಕೆಲವು ಚರ್ಚುಗಳು ಜನವರಿ ಆರಕ್ಕೆ ಈ ಹುಟ್ಟುಹಬ್ಬ ಮಾಡುತ್ತಿದ್ದವು, ಅರ್ಮೇನಿಯಾದವರು ಈಗಲೂ ಮಾಡುತ್ತಾರೆ ಎಂದು ಅದೇ ಭಾಷಣದಲ್ಲಿ ಹೇಳಿದಿರಿ. ಬಹಳ ಒಳ್ಳೆಯದು. ಬರುವ ಮಂಗಳವಾರ ಜನವರಿ ಆರು. ಇಪ್ಪತ್ತೈದು ಅಲ್ಲದಿದ್ದರೆ ಆರು ಇರಲಿ. ಕೇಕ್ ನೀವೇ ತನ್ನಿ, ಮೊಟ್ಟೆ ಹಾಕಿದ್ದೇ ತನ್ನಿ, ಅವರಿಗೆ ಅದು ಇಷ್ಟ. ಅದರ ಮೇಲೆ ಅವರ ಹೆಸರು ಬರೆಸಿ. ಪಿಡಿಎಫ್ ತರಬೇಡಿ. ಬಂದು ಕೂತು ತಪ್ಪಾಯಿತು ಎನ್ನಿ. ಆದರೆ, ಆದಾಗ್ಯೂ, ಐತಿಹಾಸಿಕವಾಗಿ ಎಂಬ ಮಾತು ಒಂದೂ ಬಾಯಿಂದ ಬರಬಾರದು.

ತಾರೀಖಿನ ವಿಷಯದಲ್ಲಿ ನೀವು ಇಷ್ಟು ಕಟ್ಟುನಿಟ್ಟು ಎನ್ನುವುದಾದರೆ ಇನ್ನೊಂದು ಮಾತು. ನಿಮ್ಮ ಪಾಸ್‌ಪೋರ್ಟ್, ಆಧಾರ್, ಪೆನ್ಶನ್ ಪುಸ್ತಕ ಎಲ್ಲದರಲ್ಲೂ 1 ಜೂನ್ 1961. ತಿಪಟೂರಿನ ಕಡೆಯ ಆ ಶಾಲೆಯಲ್ಲಿ ನಂಜುಂಡ ಮೇಷ್ಟ್ರು ನಿಮ್ಮ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೋ ನೋಡಿ, ಮುಟ್ಟಿತು ಎಂದು ಬರೆದುಕೊಂಡ ತಾರೀಖು ಅದು. ನಿಮ್ಮ ಕ್ಲಾಸಿನ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಆ ತಾರೀಖಿನ ಮೇಲೆಯೇ ಕೆಲಸಕ್ಕೆ ಸೇರಿದಿರಿ, ಬಡ್ತಿ ಪಡೆದಿರಿ, ಕೆಲಸ ಮಾಡಿದ ಲ್ಯಾಬಿನಲ್ಲಿ ಹಾರ ಹಾಕಿಸಿಕೊಂಡು ನಿವೃತ್ತರಾದಿರಿ. ಯಾವ ಅರ್ಜಿಯಲ್ಲಾದರೂ ಜಾಗ ಖಾಲಿ ಬಿಟ್ಟಿದ್ದೀರಾ? ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ತೋರಿಸಿದರಂತೆ.

ಅದು ಸರ್ಕಾರಿ ತಾರೀಖು, ನಿಜವಾದದ್ದು ಜಾತಕದಲ್ಲಿದೆ ಎನ್ನುತ್ತೀರಿ, ಬಲ್ಲೆ. ಮೇಷ್ಟ್ರ ದೆಸೆಯಿಂದ ಆರು ತಿಂಗಳ ಸರ್ವಿಸ್ ಹೋಯಿತು ಎಂದು ಇವತ್ತಿಗೂ ಗೊಣಗುತ್ತೀರಿ. ಇರಲಿ. ಅದರ ವಿಷಯ ಇಲ್ಲಿ ಬೇಡ.

ಮೊಸರು ಹುಳಿ ಬಂದಿದ್ದರೆ ಚೆಲ್ಲಿ. ಬಿ.ಪಿ. ಮಾತ್ರೆ ಮೇಲಿನ ಶೆಲ್ಫಿನಲ್ಲಿದೆ, ಮರೆಯಬೇಡಿ. ಸಿಟ್ಟು ಬೇರೆ, ಮಾತ್ರೆ ಬೇರೆ.

ಇಂತಿ,
ಆರನೇ ತಾರೀಖಿನವರೆಗೆ ಕಾಯುವ,
ವೇದಾ

ಮರೆತ ಮಾತು: ಮರೆತದ್ದಲ್ಲ, ಬೇಡ ಎಂದುಕೊಂಡಿದ್ದೆ. ಈಗ ಬರೆದೇಬಿಡುತ್ತೇನೆ. ನಿಮ್ಮ ಜಾತಕ ನೀವು ಹುಟ್ಟಿದಾಗ ಬರೆಸಿದ್ದಲ್ಲ, ನಮ್ಮ ಮದುವೆಯ ಮಾತುಕತೆಯ ಹೊತ್ತಿಗೆ ಬರೆಸಿದ್ದು. ಮನಸ್ವಿನಿ ಹುಟ್ಟಿದಾಗ ಬಾಣಂತನಕ್ಕೆ ಬಂದಿದ್ದ ಅತ್ತೆ ನನಗೆ ಎಣ್ಣೆ ಹಚ್ಚುತ್ತ ಹೇಳಿದರು: ‘ಏಳು ಹೆತ್ತೋಳಿಗೆ ಯಾವುದು ಅವರೆಕಾಯಿ ಕಾಲ, ಯಾವುದು ಮಾವಿನಕಾಯಿ ಕಾಲ ಅಂತ ಎಲ್ಲಿ ನೆನಪಿರುತ್ತೆ ಕಣಮ್ಮಾ? ನಿನ್ನ ಫೋಟೋ ನೋಡಿ ಇವನು ಇವಳೇ ಬೇಕು ಅಂತ ಕೂತ. ನಿನ್ನ ಅನುರಾಧಾ ನಕ್ಷತ್ರಕ್ಕೆ ಯಾವುದು ಕೂಡುತ್ತೋ ಅದನ್ನೇ ಬರೀರಿ ಅಂತ ಶಂಕರನಾರಾಯಣ ಜೋಯಿಸರಿಗೆ ಹೇಳಿದೆ.’ ಜಾತಕದಲ್ಲಿರುವ ಕಾರ್ತಿಕ ಶುದ್ಧ ದ್ವಾದಶಿಯೂ ರೇವತಿಯೂ ಆ ವರ್ಷ ಒಂದೇ ದಿನ ಬಿದ್ದಿವೆ, ಲೆಕ್ಕ ಪಕ್ಕಾ ಎಂದು ನೀವು ಕಂಪ್ಯೂಟರಿನಲ್ಲಿ ತೋರಿಸಿದಿರಲ್ಲ, ಬೀಳದೆ ಏನು? ಜೋಯಿಸರು ಹಳೇ ಪಂಚಾಂಗ ಎದುರಿಗಿಟ್ಟುಕೊಂಡು ಬರೆದದ್ದು.

ನಿನ್ನೆ ಇದನ್ನು ಸುಶೀಲಾಬೆನ್ ಒಬ್ಬರಿಗೇ ಹೇಳಿದೆ. ಗುರುವಾರದ ಮೇಲೆ ಮೊದಲ ಸಲ ನಕ್ಕರು. ಆಮೇಲೆ, ಗೊತ್ತಿದ್ದೂ ಇಷ್ಟು ವರ್ಷ ಆ ದಿನ ಅವರಿಗೆ ಸಿಹಿ ಮಾಡಿದಿರಾ ಎಂದು ಕೇಳಿದರು. ಪ್ರತಿ ವರ್ಷ ಪಾಯಸ ಮಾಡಿದೆ ಎಂದೆ. ದಿನ ಯಾವುದೋ ಗೊತ್ತಿಲ್ಲ, ಮನುಷ್ಯ ಹುಟ್ಟಿರುವುದಂತೂ ಖಾತ್ರಿ, ಮೂವತ್ತೈದು ವರ್ಷದಿಂದ ನಾನೇ ಅನುಭವಿಸುತ್ತಿದ್ದೇನೆ ಎಂದೆ.